ಸಿಂಪಿಯನ್ನು ತೆರೆಯುವ ಕೈ

ಫ್ರಾನ್ಸ್ ದೇಶದ ವಾಯವ್ಯ ದಿಕ್ಕಿನ ಬ್ರಿಟನಿ ಪ್ರಾಂತದಲ್ಲಿ, ಕಡಲಂಚಿಗೆ ಆತುಕೊಂಡಂತೆ, ಕಾಂಕಾಲ್ ಎಂಬ ಸಣ್ಣ ಊರುಂಟು. ಅದರ ಮುಂದಣ ಕೊಲ್ಲಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ನಡುವಣ ಅಂತರವು 14 ಮೀಟರಿನವರೆಗೆ ಹೋಗುವುದು. ನೀರು ಹಿಂದೆಗೆದಾಗ ಬಯಲಾಗುವ ವಿಸ್ತಾರವಾದ ಕೆಸರುಭೂಮಿಯಲ್ಲಿ, ಕಬ್ಬಿಣದ ಮಂಚಿಕೆಗಳ ಮೇಲೆ ಸಾಲುಗಟ್ಟಿ ಇರಿಸಿದ ಬಲೆಯ ಚೀಲಗಳೊಳಗೆ, ಸಂಸ್ಕೃತದಲ್ಲಿ ಶುಕ್ತಿಯೆಂದೂ ಕನ್ನಡದಲ್ಲಿ ಸಿಂಪಿಯೆಂದೂ ನಮ್ಮ ಕಾರವಾರದ ಕಡೆಯ ಕೊಂಕಣಿಗರ ಬಾಯಲ್ಲಿ ಕಲ್ವವೆಂದೂ ಹೆಸರು ಪಡೆದ ಎರಡು ಚಿಪ್ಪಿನ ಪ್ರಾಣಿಯು ಕೆಲವು ವರ್ಷ ಬೆಳೆದು ಮಾರಾಟಕ್ಕೆ ಸಿದ್ಧವಾಗುವುದು. ಕ್ರಿಸ್ತಜಯಂತಿಯ ಇರುಳಿಗೂ ಹೊಸ ವರ್ಷದ ಹಿಂದಿನ ಇರುಳಿಗೂ ಆ ದೇಶದ ಸಂಸಾರಗಳು ಇದನ್ನು ಬುಟ್ಟಿಗಟ್ಟಲೆ ಕೊಂಡು ತಂದು, ಅಡಿಗೆಮನೆಯ ಮೇಜಿನ ಬಳಿ ಮನೆಯವರೇ ಚೂರಿ ಹಿಡಿದು ನಿಂತು, ಒಂದೊಂದಾಗಿ ಬಾಯಿ ಬಿಡಿಸಿ, ಬೇಯಿಸದೆ, ನಿಂಬೆಯ ರಸವನ್ನು ಹಿಂಡಿಕೊಂಡು ತಿನ್ನುವರು. ಹಬ್ಬದ ಸಡಗರದ ನಡುವೆ ನಡೆದುಹೋಗುವ ಈ ಚಿಕ್ಕ ಗೃಹಕೃತ್ಯದೊಳಗೆ, ಜೀವವೆಂದರೇನು, ಹಿಂಸೆಯೆಂದರೇನು, ಅರಿಯಲಾಗದುದರ ವಿಷಯದಲ್ಲಿ ಮನುಷ್ಯನ ಕರ್ತವ್ಯವೇನು ಎಂಬ ಬಹು ಪುರಾತನವಾದ ಪ್ರಶ್ನೆಗಳು ಅಡಗಿಕೊಂಡಿವೆಯೆಂಬುದೇ ಈ ಲೇಖನಕ್ಕೆ ಪ್ರೇರಣೆ.

ಆ ಗೃಹಕೃತ್ಯಕ್ಕೆ ಮೊದಲನೆಯ ನಿಯಮವೊಂದಿದೆ. ಬುಟ್ಟಿಯಲ್ಲಿ ಬಾಯಿ ಬಿಟ್ಟುಕೊಂಡಿರುವ ಸಿಂಪಿಯು ಕಣ್ಣಿಗೆ ಬಿದ್ದರೆ ಅದರ ಚಿಪ್ಪಿನ ಮೇಲೆ ಮೆಲ್ಲನೆ ತಟ್ಟಿ ನೋಡಬೇಕು. ತಟ್ಟಿದೊಡನೆ ಅದು ಮುಚ್ಚಿಕೊಂಡರೆ ತಿನ್ನಲು ಯೋಗ್ಯ, ಮುಚ್ಚಿಕೊಳ್ಳದಿದ್ದರೆ ಎಸೆಯಲು ಯೋಗ್ಯ. ತೆರೆದ ಬಳಿಕವೂ ಮತ್ತೊಂದು ಪರೀಕ್ಷೆಯುಂಟು: ಮೈಯ ಅಂಚಿನ ಕಪ್ಪು ನೆರಿಗೆಯ ಮೇಲೆ ನಿಂಬೆಯ ಹನಿ ಬಿದ್ದಾಗ ಆ ಅಂಚು ಒಳಕ್ಕೆ ಸೆಳೆದುಕೊಳ್ಳಬೇಕು. ಸತ್ತ ಸಿಂಪಿಯು ಬೇಗನೆ ಕೆಟ್ಟು ತಿಂದವರನ್ನು ಕಾಯಿಲೆಗೆ ಈಡುಮಾಡುವುದರಿಂದ ವೈದ್ಯದೃಷ್ಟಿಗೆ ಈ ನಿಯಮವು ಸರ್ವಥಾ ಸಮಂಜಸ. ಆದರೆ ಧರ್ಮದೃಷ್ಟಿಯಿಂದ ನೋಡುವವನು ಇಲ್ಲಿ ಒಂದು ಕ್ಷಣ ನಿಲ್ಲಲೇಬೇಕಾಗುತ್ತದೆ. ಮುಟ್ಟಿದರೆ ಮುದುರಿಕೊಳ್ಳುವುದು, ಅಪಾಯವನ್ನು ಕಂಡು ಹಿಂಜರಿಯುವುದು, ತನ್ನನ್ನು ತಾನು ಕಾಪಾಡಿಕೊಳ್ಳಲು ಹವಣಿಸುವುದು, ಈ ಲಕ್ಷಣಗಳು ಬೇರೆ ಯಾವ ಪ್ರಾಣಿಯಲ್ಲಿ ತೋರಿದರೂ ಕೊಲ್ಲಹೊರಟ ಕೈಯನ್ನು ಕ್ಷಣಮಾತ್ರವಾದರೂ ತಡೆಯುತ್ತವೆ. ಸಿಂಪಿಯಲ್ಲಾದರೋ ಅವೇ ಲಕ್ಷಣಗಳು ಕೈಗೆ ಅಪ್ಪಣೆಯನ್ನು ಕೊಡುತ್ತವೆ. ಬದುಕಿದೆ ಎಂಬ ಜ್ಞಾನವೇ ತಿನ್ನಬಹುದೆಂಬ ನಿರ್ಣಯಕ್ಕೆ ಹೇತುವಾಗುವ ಈ ಸಂದರ್ಭವು ಆಹಾರದ ಇತಿಹಾಸದಲ್ಲಿಯೇ ವಿಚಿತ್ರವಾದುದು.

ಅದರ ದೇಹರಚನೆಯನ್ನು ತಿಳಿದುಕೊಂಡರೆ ಈ ವೈಚಿತ್ರ್ಯವು ಇನ್ನೂ ಆಳವಾಗಿ ಕಾಣುವುದು. ಎರಡು ಚಿಪ್ಪುಗಳನ್ನೂ ಹಿಂಬದಿಯಲ್ಲಿ ಜೋಡಿಸಿರುವ ಕೀಲಿನಲ್ಲಿ ಸ್ಥಿತಿಸ್ಥಾಪಕ ಗುಣವುಳ್ಳ ಬಂಧವೊಂದಿದ್ದು, ಅದು ಚಿಪ್ಪುಗಳನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ಅವನ್ನು ಒಳಕ್ಕೆಳೆದು ಮುಚ್ಚಿ ಹಿಡಿಯುವುದು ಮೈಯ ನಡುವಣ ಒಂದೇ ಒಂದು ಬಲಿಷ್ಠವಾದ ಸ್ನಾಯು. ಆ ಸ್ನಾಯುವಿನಲ್ಲಿಯೂ ಎರಡು ಭಾಗಗಳು: ಒಂದು ತಟಕ್ಕನೆ ಮುಚ್ಚುವುದಕ್ಕೆ, ಮತ್ತೊಂದು ಹಾಗೆ ಮುಚ್ಚಿದುದನ್ನು ಬಹಳ ಹೊತ್ತು ಅಲ್ಪ ಶಕ್ತಿಯ ವ್ಯಯದಿಂದ ಬಿಗಿಹಿಡಿದಿರುವುದಕ್ಕೆ. ಆದುದರಿಂದ ಸಿಂಪಿಗೆ ತೆರೆದಿರುವುದು ಜಡದ ಸ್ವಭಾವ, ಮುಚ್ಚಿಕೊಳ್ಳುವುದು ಜೀವದ ಪ್ರಯತ್ನ. ಪ್ರಾಣ ಹೋದೊಡನೆ ಸ್ನಾಯುವು ಸಡಿಲಗೊಂಡು ಬಾಯಿ ತಾನಾಗಿಯೇ ತೆರೆದುಕೊಳ್ಳುವುದು. ಮನುಷ್ಯನು ಚೂರಿಯಿಂದ ಎದುರಿಸುವುದು ಕಲ್ಲಿನಂತಹ ಚಿಪ್ಪನ್ನಲ್ಲ. ಚಿಪ್ಪನ್ನು ಮುಚ್ಚಿಟ್ಟುಕೊಳ್ಳುತ್ತಿರುವ ಆ ಪ್ರಯತ್ನವನ್ನು.

ಆ ಪ್ರಯತ್ನವನ್ನು ಗೆಲ್ಲುವ ವಿಧಾನವು ಕುಶಲವಾದುದು. ಕುಳಿಯಾದ ಎಡಚಿಪ್ಪು ಕೆಳಗೂ ಚಪ್ಪಟೆಯಾದ ಬಲಚಿಪ್ಪು ಮೇಲೂ ಬರುವಂತೆ, ಮಡಿಸಿದ ದಪ್ಪ ಬಟ್ಟೆಯೊಳಗೆ ಅದನ್ನು ಎಡಗೈಯಲ್ಲಿ ಹಿಡಿಯಬೇಕು. ಇಂಗ್ಲೆಂಡು ಅಮೆರಿಕಗಳವರು ಸಾಮಾನ್ಯವಾಗಿ ಹಿಂಬದಿಯ ಕೀಲಿಗೆ ಚೂರಿಯ ಮೊನೆಯನ್ನು ಇಡುವರು, ಫ್ರೆಂಚರು ಬಹುಮಟ್ಟಿಗೆ ಬಲಪಾರ್ಶ್ವದಲ್ಲಿ, ಸ್ನಾಯುವಿಗೆ ನೇರವಾದ ಜಾಗದಲ್ಲಿ ಇಡುವರು. ಮೋಟಾದ ಅಲಗಿನ ಆ ಚೂರಿಯನ್ನು ಬಲದಿಂದ ನುಗ್ಗಿಸುವುದಲ್ಲ, ಸಂದಿಯನ್ನು ಹುಡುಕಿ ಮಣಿಕಟ್ಟನ್ನು ತಿರುಗಿಸಿ ಒಳಹೊಗಿಸುವುದು. ಅನಂತರ ಮೇಲಣ ಚಿಪ್ಪಿನ ಒಳಮೈಗೆ ಒತ್ತಿಕೊಂಡು ಅಲಗನ್ನು ಸರಿಸುತ್ತ ಸ್ನಾಯುವನ್ನು ಕೊಯ್ಯುವುದು. ಮುಚ್ಚಳವನ್ನೆತ್ತಿ, ಒಡೆದ ಚಿಪ್ಪಿನ ಚೂರುಗಳನ್ನು ತೆಗೆದು, ಮೊದಲಿನ ನೀರನ್ನು ಚೆಲ್ಲಿ, ಕೆಳಗಣ ಚಿಪ್ಪಿನಿಂದಲೂ ಸ್ನಾಯುವನ್ನು ಬಿಡಿಸುವುದು. ಆತುರಪಟ್ಟವನ ಅಂಗೈಗೆ ಚೂರಿ ಹೊಕ್ಕು, ಪ್ರತಿ ಡಿಸೆಂಬರಿನಲ್ಲಿಯೂ ಫ್ರಾನ್ಸಿನ ಆಸ್ಪತ್ರೆಗಳಿಗೆ ಓಡುವವರುಂಟು. ಸ್ನಾಯುವಿನ ಪಕ್ಕದಲ್ಲಿಯೇ, ತೆಳ್ಳನೆಯ ಪೊರೆಯ ಕೋಶವೊಂದರಲ್ಲಿ, ಮೂರು ಕೋಣೆಗಳುಳ್ಳ ಹೃದಯವಿದೆ. ಚೂರಿಯು ಅದನ್ನು ತಾಕದಂತೆ ತೆರೆದರೆ ಅದು ಇನ್ನೂ ಸ್ವಲ್ಪ ಹೊತ್ತು ಮಿಡಿಯುತ್ತಿರುವುದನ್ನು ಕಾಣಬಹುದು. ತಟ್ಟೆಯಲ್ಲಿ ಬಂದು ಕುಳಿತದ್ದು ಶವವಲ್ಲ, ಜೀವಿ.

ಹಾಗಾದರೆ ಇದು ಹಿಂಸೆಯೆ? ಹಿಂಸೆಯಾದರೆ ಎಷ್ಟು ಗುರುತರವಾದದ್ದು? ತತ್ತ್ವಶಾಸ್ತ್ರದ ಇತಿಹಾಸದಲ್ಲಿ ಸಿಂಪಿಗೆ ದೊರೆತಿರುವ ಸ್ಥಾನವು ಈ ಪ್ರಶ್ನೆಗೆ ಸುಲಭವಾದ ಉತ್ತರವೊಂದನ್ನು ಸೂಚಿಸುವಂತಿದೆ. ಪ್ಲೇಟೋ ತನ್ನ ಫಿಲೇಬಸ್ ಸಂವಾದದಲ್ಲಿ, ಸ್ಮೃತಿಯೂ ವಿವೇಕವೂ ಇಲ್ಲದ ಬರಿಯ ಸುಖಾನುಭವದ ಬಾಳು ಮನುಷ್ಯನದಲ್ಲವೆಂಬುದನ್ನು ತೋರಿಸುವುದಕ್ಕಾಗಿ, ಚಿಪ್ಪಿನೊಳಗೆ ಬದುಕುವ ಕಡಲ ಜೀವಿಯ ಬಾಳನ್ನು ಉದಾಹರಿಸಿದನು. ಫೀಡ್ರಸ್ ಸಂವಾದದಲ್ಲಿ, ದೇಹದೊಳಗೆ ಬದ್ಧವಾದ ಆತ್ಮಕ್ಕೆ ಚಿಪ್ಪಿನೊಳಗಿನ ಸಿಂಪಿಯನ್ನೇ ಉಪಮಾನವಾಗಿ ತಂದನು. ಅರಿಸ್ಟಾಟಲನು ಸಿಂಪಿಗಳು ಕೆಸರಿನಲ್ಲಿ ತಾವಾಗಿಯೇ ಹುಟ್ಟುವವೆಂದು ಭಾವಿಸಿ, ಚಿಪ್ಪಿನ ಪ್ರಾಣಿಗಳನ್ನು ಸಸ್ಯಕ್ಕೂ ಪ್ರಾಣಿಗೂ ನಡುವಣ ಮೆಟ್ಟಿಲಿನ ಸಮೀಪದಲ್ಲಿ ನಿಲ್ಲಿಸಿದನು. ಡೇಕಾರ್ಟನು 1646ರಲ್ಲಿ ನ್ಯೂಕ್ಯಾಸಲ್‌ನ ಪ್ರಭುವಿಗೆ ಬರೆದ ಪತ್ರದಲ್ಲಿ, ಪಶುಗಳಿಗೆ ನಮ್ಮಂತೆ ಚಿಂತನೆಯುಂಟೆಂದು ಒಪ್ಪಿದರೆ ಅಮರವಾದ ಆತ್ಮವೂ ಉಂಟೆಂದು ಒಪ್ಪಬೇಕಾಗುವುದು, ಕೆಲವಕ್ಕೆ ಒಪ್ಪಿದರೆ ಎಲ್ಲಕ್ಕೂ ಒಪ್ಪಬೇಕಾಗುವುದು, ಆದರೆ ಸಿಂಪಿ ಮತ್ತು ಸ್ಪಂಜುಗಳಂತಹ ಅಪೂರ್ಣ ಜೀವಿಗಳ ವಿಷಯದಲ್ಲಿ ಅದನ್ನು ನಂಬಲಾಗದು ಎಂದು ವಾದಿಸಿದನು. ಆತನ ಕಾಲದ ಬಳಿಕ ಡೇವಿಡ್ ಹ್ಯೂಮನು, ಆತ್ಮಹತ್ಯೆಯನ್ನು ಕುರಿತ ತನ್ನ ಪ್ರಬಂಧದಲ್ಲಿ, ವಿಶ್ವದ ದೃಷ್ಟಿಗೆ ಮನುಷ್ಯನ ಬಾಳಿನ ಬೆಲೆಯು ಸಿಂಪಿಯ ಬಾಳಿನ ಬೆಲೆಗಿಂತ ಹಿರಿದಲ್ಲವೆಂದನು.

ಅರಿಸ್ಟಾಟಲನೊಬ್ಬನನ್ನು ಬಿಟ್ಟರೆ ಈ ನಾಲ್ವರಲ್ಲಿ ಯಾರೊಬ್ಬರೂ ಸಿಂಪಿಯನ್ನೇ ಕುರಿತು ಚಿಂತಿಸಿದವರಲ್ಲ. ಬೇರೊಂದನ್ನು ಅಳೆಯುವುದಕ್ಕೆ ಅದನ್ನು ಅಳತೆಗೋಲಿನ ಕೊನೆಯ ಗೀಟಾಗಿ ಬಳಸಿಕೊಂಡವರು. ಡೇಕಾರ್ಟನ ವಾದವನ್ನೇ ಪರಾಮರ್ಶಿಸೋಣ. ಅವನ ತರ್ಕದ ಸರಪಣಿಯು ಸಿಂಪಿಯಿಂದ ಮೊದಲುಗೊಂಡು ಕುದುರೆ ನಾಯಿಗಳವರೆಗೆ ಎಳೆಯಲ್ಪಟ್ಟಿದೆ: ಸಿಂಪಿಗೆ ಆತ್ಮವಿಲ್ಲ, ಆದುದರಿಂದ ಯಾವ ಪಶುವಿಗೂ ಇಲ್ಲ. ಆದರೆ ಅದೇ ಸರಪಣಿಯನ್ನು ಇನ್ನೊಂದು ತುದಿಯಿಂದ ಹಿಡಿದೆಳೆದವನಿಗೆ ಸಿಗುವ ಫಲವೇನು? ನಾಯಿಗೆ ನೋವುಂಟೆಂಬುದು ನಾಯಿಯನ್ನು ಸಾಕಿದ ಯಾವನಿಗಾದರೂ ಸಂದೇಹಾತೀತ. ಎಲ್ಲಿಯೂ ಸರಪಣಿ ಕಡಿಯದೆಂಬುದು ಡೇಕಾರ್ಟನದೇ ಮಾತಾದರೆ ನಾಯಿಯಿಂದ ಸಿಂಪಿಯವರೆಗೂ ಏನೋ ಒಂದು ಮಂದವಾದ ಅನುಭವದ ಎಳೆಯಾದರೂ ಹರಿದುಬರಬೇಕಲ್ಲವೆ? ಒಂದೇ ತರ್ಕವು ಹಿಡಿದ ತುದಿಗೆ ತಕ್ಕಂತೆ ವಿರುದ್ಧವಾದ ಎರಡು ಫಲಗಳನ್ನು ಕೊಡುವುದಾದರೆ, ನಿರ್ಣಯವು ತರ್ಕದಿಂದ ಬಂದದ್ದಲ್ಲ, ಹಿಡಿದವನ ಇಷ್ಟದಿಂದ ಬಂದದ್ದೆಂದು ತಿಳಿಯಬೇಕು.

ಧರ್ಮಶಾಸ್ತ್ರಗಳ ಕಡೆಗೆ ತಿರುಗಿದರೂ ಏಕವಾಕ್ಯತೆ ದೊರೆಯದು. ಯಹೂದ್ಯರ ಶಾಸ್ತ್ರದಲ್ಲಿ ಲೇವಿಯರ ಕಾಂಡದ ಹನ್ನೊಂದನೆಯ ಅಧ್ಯಾಯವು ನೀರಿನ ಜೀವಿಗಳಲ್ಲಿ ಈಜುರೆಕ್ಕೆಯೂ ಪೊರೆಯೂ ಇಲ್ಲದವನ್ನೆಲ್ಲ ಅಶುದ್ಧವೆಂದು ನಿಷೇಧಿಸಿತು; ಸಿಂಪಿಗೆ ಇವೆರಡೂ ಇಲ್ಲ. ಅದೇ ಶಾಸ್ತ್ರವನ್ನು ತನ್ನ ಪೂರ್ವಾರ್ಧವೆಂದು ಗೌರವಿಸುವ ಕ್ರೈಸ್ತರ ಕ್ಯಾಥೊಲಿಕ್ ಸಂಪ್ರದಾಯವಾದರೋ ಮಾಂಸವರ್ಜನೆಯ ವ್ರತದ ದಿನಗಳಲ್ಲಿಯೂ ಮೀನನ್ನೂ ಚಿಪ್ಪಿನ ಪ್ರಾಣಿಗಳನ್ನೂ ಅನುಮತಿಸಿತು. ಇಸ್ಲಾಮಿನ ನ್ಯಾಯಪಂಥಗಳಲ್ಲಿ ಶಾಫಿ ಪಂಥದವರು ಕಡಲಿನ ಜೀವಿಗಳನ್ನು ಸಾಮಾನ್ಯವಾಗಿ ಭಕ್ಷ್ಯವೆಂದರೆ ಹನಫಿ ಪಂಥದವರು ಮೀನನ್ನು ಮಾತ್ರ ಒಪ್ಪಿದರು. ಒಂದೇ ಪ್ರಾಣಿ, ಒಂದೆಡೆ ಅಶುದ್ಧ, ಇನ್ನೊಂದೆಡೆ ವ್ರತಾಹಾರ. ಇವೆಲ್ಲವೂ ತಿನ್ನುವವನ ಶುದ್ಧಿಯನ್ನು, ತಿನ್ನುವವನ ಸಂಯಮವನ್ನು ಕುರಿತ ವಿಧಿಗಳು; ತಿನ್ನಲ್ಪಡುವುದರ ಅನುಭವವನ್ನು ಕುರಿತ ಪ್ರಶ್ನೆಯನ್ನು ಇವು ಎತ್ತಿಲ್ಲ.

ಆ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವರು ಜೈನರು. ಜೀವಗಳನ್ನು ಇಂದ್ರಿಯಗಳ ಸಂಖ್ಯೆಗೆ ಅನುಸಾರವಾಗಿ ವಿಂಗಡಿಸಿದ ಆ ಶಾಸ್ತ್ರಕಾರರು, ಸ್ಪರ್ಶವೊಂದೇ ಉಳ್ಳ ಮಣ್ಣು ನೀರು ಗಿಡಮರಗಳ ಜೀವಗಳನ್ನು ಏಕೇಂದ್ರಿಯಗಳೆಂದೂ, ಸ್ಪರ್ಶದೊಡನೆ ರಸನೆಯನ್ನೂ ಪಡೆದ ಹುಳು ಶಂಖ ಶುಕ್ತಿಗಳನ್ನು ದ್ವೀಂದ್ರಿಯಗಳೆಂದೂ ಕರೆದರು. ಗೃಹಸ್ಥನು ಏಕೇಂದ್ರಿಯಗಳ ಹಿಂಸೆಯನ್ನು ಪೂರ್ತಿಯಾಗಿ ಬಿಡಲಾರನು. ಆದರೆ ದ್ವೀಂದ್ರಿಯದಿಂದ ಮೇಲಣ ತ್ರಸಜೀವಗಳನ್ನು ಬುದ್ಧಿಪೂರ್ವಕವಾಗಿ ಕೊಲ್ಲಬಾರದೆಂಬುದು ಅಣುವ್ರತದ ವಿಧಿ. ಬಂಡೆಗೆ ಅಂಟಿಕೊಂಡು ಕದಲದೆ ಬಾಳುವ ಸಿಂಪಿಯನ್ನು ಮರದ ಜೊತೆಗೆ ಸೇರಿಸದೆ ಇರುವೆ ದುಂಬಿಗಳ ಜೊತೆಗೆ ಸೇರಿಸಿದ್ದನ್ನು ನೋಡಿದರೆ, ಕಣ್ಣಿಗೆ ಕಾಣುವ ಚಲನೆಯನ್ನಲ್ಲ, ಒಳಗೆ ಇರಬಹುದಾದ ಅರಿವನ್ನು ಅವರು ಪ್ರಮಾಣವಾಗಿ ಹಿಡಿದರೆಂಬುದು ಸ್ಪಷ್ಟ. ಶ್ರವಣಬೆಳ್ಗೊಳದ ಬೆಟ್ಟದ ನೆರಳಿನಲ್ಲಿ ಶತಮಾನಗಳ ಕಾಲ ಬೆಳೆದುಬಂದ ಈ ವಿಚಾರದಲ್ಲಿ ಗೆರೆಯು ಸಿಂಪಿಗೆ ಕೆಳಗೆ ಬಿದ್ದಿದೆ. ಪಾಶ್ಚಾತ್ಯ ಜಗತ್ತಿನಲ್ಲಿ ಪ್ರಾಣಿಗಳ ಹಿತವನ್ನು ಕುರಿತು ಬಲವಾಗಿ ವಾದಿಸಿದ ಪೀಟರ್ ಸಿಂಗರನು 1975ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಅದೇ ಗೆರೆಯನ್ನು ಸೀಗಡಿಗೂ ಸಿಂಪಿಗೂ ನಡುವೆ, ಎಂದರೆ ಸಿಂಪಿಗೆ ಮೇಲೆ, ಎಳೆದನು. 1990ರ ಪರಿಷ್ಕೃತ ಮುದ್ರಣದಲ್ಲಿ ಆ ನಿಶ್ಚಯವನ್ನು ಸಡಿಲಿಸಿ, ಅವುಗಳಿಗೆ ನೋವುಂಟೆಂದಾಗಲಿ ಇಲ್ಲವೆಂದಾಗಲಿ ಭರವಸೆಯಿಂದ ಹೇಳಲಾಗದಾದುದರಿಂದ ತಿನ್ನದಿರುವುದೇ ಮೇಲೆಂದನು. ಎರಡು ಸಾವಿರ ವರ್ಷಗಳ ಅಂತರದಲ್ಲಿ, ಬೇರೆ ಬೇರೆ ದಾರಿಗಳಿಂದ ಬಂದ ಎರಡು ವಿಚಾರಧಾರೆಗಳು ಇದೊಂದು ಪುಟ್ಟ ಪ್ರಾಣಿಯ ಬಳಿಯಲ್ಲಿ ಸಂಧಿಸಿ ತೊಡಕಿಕೊಂಡದ್ದು ಆಕಸ್ಮಿಕವಲ್ಲ. ನಮ್ಮ ಅರಿವಿನ ಗಡಿಯು ಇರುವುದೇ ಅಲ್ಲಿ.

ವಿಜ್ಞಾನವು ಆ ಗಡಿಯನ್ನು ಅಳಿಸಿದೆಯೆ? ಅದು ತಿಳಿಸಿಕೊಟ್ಟಿರುವುದು ಅಲ್ಪವಲ್ಲ. ಸಿಂಪಿಗೆ ತಲೆಯಿಲ್ಲ, ಮಿದುಳಿಲ್ಲ. ನರಗಳ ಗಂಟುಗಳು ಕೆಲವಿವೆ, ಮೈಯಂಚಿನಲ್ಲಿ ಸ್ಪರ್ಶವನ್ನೂ ನೀರಿನ ರಸಾಯನವನ್ನೂ ಗ್ರಹಿಸುವ ಅವಯವಗಳಿವೆ. ಅದರ ಬಾಲ್ಯವು ಇನ್ನೂ ಆಶ್ಚರ್ಯಕರ. ಮೊಟ್ಟೆಯಿಂದ ಹೊರಟ ಮರಿಯು ಎರಡು ಮೂರು ವಾರ ನೀರಿನಲ್ಲಿ ಈಜಾಡುವುದು; ನೆಲೆಯೂರುವ ಕಾಲ ಹತ್ತಿರವಾದಾಗ ಅದಕ್ಕೆ ಒಂದು ಪಾದವೂ ಬೆಳಕನ್ನರಿಯುವ ಕಣ್ಣಿನ ಚುಕ್ಕೆಯೂ ಮೂಡುವುವು; ಆ ಪಾದದಿಂದ ತಡಕಾಡಿ ತಕ್ಕ ಜಾಗವನ್ನು ಆರಿಸಿ, ಬಹುಮಟ್ಟಿಗೆ ಹಳೆಯ ಸಿಂಪಿಯ ಚಿಪ್ಪನ್ನೇ ಆರಿಸಿ, ಎಡಚಿಪ್ಪಿನಿಂದ ತನ್ನನ್ನು ಅಲ್ಲಿಗೆ ಬೆಸೆದುಕೊಂಡ ಬಳಿಕ ಪಾದವನ್ನೂ ಕಣ್ಣನ್ನೂ ಕರಗಿಸಿಕೊಂಡುಬಿಡುವುದು. ಈ ಸ್ವಭಾವವನ್ನರಿತೇ ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಮನೆಯ ಹೆಂಚುಗಳಿಗೆ ಸುಣ್ಣ ಬಳಿದು ನೀರಿಗಿಳಿಸಿ ಮರಿಗಳನ್ನು ಹಿಡಿಯುತ್ತ ಬಂದಿದ್ದಾರೆ. ಬೋರ್ಡೋ ವಿಶ್ವವಿದ್ಯಾಲಯದ ವಿಜ್ಞಾನಿಗಳು ಚಿಪ್ಪುಗಳಿಗೆ ಸೂಕ್ಷ್ಮವಾದ ತಂತಿಗಳನ್ನು ಅಂಟಿಸಿ ಅವುಗಳ ತೆರೆಮುಚ್ಚುವಿಕೆಯನ್ನು ದಾಖಲಿಸಿ, ಹಡಗುಗಳ ಸದ್ದಿನಂತಹ ಮಂದ್ರಧ್ವನಿಯ ಕಂಪನಗಳಿಗೂ ಸಿಂಪಿಯು ಮುಚ್ಚಿಕೊಳ್ಳುವುದೆಂದು 2017ರಲ್ಲಿ ಪ್ರಕಟಿಸಿದರು. ಎರಡೇ ಇಂದ್ರಿಯಗಳೆಂದು ಎಣಿಸಿದವರ ಲೆಕ್ಕಕ್ಕೆ ಮೂರನೆಯದೊಂದು ಸೇರಿಕೊಂಡಂತಾಯಿತು. ಆದರೆ ಎಷ್ಟು ಸೂಕ್ಷ್ಮವಾಗಿ ಅಳೆದರೂ ಅಳತೆಗೆ ಸಿಕ್ಕುವುದು ಕ್ರಿಯೆ, ಅನುಭವವಲ್ಲ. ಮುಚ್ಚಿಕೊಂಡಿತೆಂಬುದು ಪ್ರತ್ಯಕ್ಷ, ನೊಂದು ಮುಚ್ಚಿಕೊಂಡಿತೆ ಎಂಬುದು ಅನುಮಾನದ ವಿಷಯ. ಮತ್ತೊಬ್ಬ ಮನುಷ್ಯನ ನೋವನ್ನು ನನ್ನ ನೋವಿನ ಸಾದೃಶ್ಯದಿಂದ ಊಹಿಸುತ್ತೇನೆ, ಹಸುವಿನದನ್ನು ಇನ್ನಷ್ಟು ದೂರದ ಸಾದೃಶ್ಯದಿಂದ. ಮುಖವಿಲ್ಲದ, ದನಿಯಿಲ್ಲದ, ಮಿದುಳಿಲ್ಲದ ಜೀವಿಯ ಬಳಿಗೆ ಬರುವ ವೇಳೆಗೆ ಸಾದೃಶ್ಯದ ಎಳೆಯು ತೀರ ತೆಳುವಾಗಿ, ಅದರ ಮೇಲೆ ಉಂಟೆಂಬ ಭಾರವನ್ನೂ ಇಲ್ಲವೆಂಬ ಭಾರವನ್ನೂ ಹೊರಿಸಲಾಗದಂತೆ ಆಗುವುದು.

ಇಲ್ಲಿ ನಮ್ಮ ದರ್ಶನಕಾರರ ಪ್ರಸಿದ್ಧವಾದ ದೃಷ್ಟಾಂತವೊಂದು ಸಹಾಯಕ್ಕೆ ಬರುವುದೆಂದು ನನ್ನ ನಂಬಿಕೆ. ಕಡಲ ದಡದಲ್ಲಿ ಹೊಳೆಯುವ ಚಿಪ್ಪನ್ನು ಕಂಡವನು ಬೆಳ್ಳಿಯೆಂದು ಭ್ರಮಿಸಿ ಕೈಚಾಚುವುದು, ಹತ್ತಿರ ಹೋದಾಗ ಇದು ಬೆಳ್ಳಿಯಲ್ಲವೆಂದು ತಿಳಿದು ಹಿಂದೆಗೆಯುವುದು, ಇದು ಶುಕ್ತಿರಜತ ನ್ಯಾಯ. ಶಂಕರರು ಅಧ್ಯಾಸಭಾಷ್ಯದಲ್ಲಿಯೇ ಇದನ್ನು ಎತ್ತಿಕೊಂಡರು. ಅವರ ಪರಂಪರೆಯವರು ಆ ಬೆಳ್ಳಿಯನ್ನು ಸತ್ತೆಂದೂ ಅಸತ್ತೆಂದೂ ಹೇಳಲಾಗದ ಅನಿರ್ವಚನೀಯವೆಂದರು. ರಾಮಾನುಜರು, ಪಂಚಭೂತಗಳೆಲ್ಲವೂ ಪ್ರತಿಯೊಂದು ವಸ್ತುವಿನಲ್ಲಿ ಬೆರೆತಿರುವ ಪಂಚೀಕರಣದ ಬಲದಿಂದ ಚಿಪ್ಪಿನಲ್ಲಿ ಬೆಳ್ಳಿಯ ಅಂಶವೂ ಅಲ್ಪವಾಗಿ ಇದ್ದೇ ಇದೆ, ಆದುದರಿಂದ ಆ ಜ್ಞಾನವು ಯಥಾರ್ಥವೇ, ಅಪೂರ್ಣ ಮಾತ್ರ ಎಂದರು. ಅಂತಹ ಚಿಪ್ಪುಗಳು ಬಿದ್ದಿರುವ ಪಡುಗಡಲಿನ ಸಮೀಪದಲ್ಲಿಯೇ, ಉಡುಪಿಯ ಬಳಿಯ ಪಾಜಕದಲ್ಲಿ, ಜನಿಸಿದ ಮಧ್ವರು ಅಲ್ಲಿ ತೋರಿದ ಬೆಳ್ಳಿಯು ಅತ್ಯಂತ ಅಸತ್ತೆಂದೂ, ಇದ್ದ ಚಿಪ್ಪೊಂದು ಇಲ್ಲದ ಬೆಳ್ಳಿಯಾಗಿ ತೋರಿತೆಂದೂ ನಿರ್ಣಯಿಸಿದರು. ಪ್ರಾಭಾಕರ ಮೀಮಾಂಸಕರ ಮತದಲ್ಲಿ ಭ್ರಮೆಯೆಂಬುದೊಂದು ಪ್ರತ್ಯೇಕ ಜ್ಞಾನವೇ ಅಲ್ಲ. ಎದುರಿಗಿರುವುದರ ಪ್ರತ್ಯಕ್ಷಕ್ಕೂ ಹಿಂದೆ ಕಂಡ ಬೆಳ್ಳಿಯ ಸ್ಮೃತಿಗೂ ಇರುವ ಭೇದವನ್ನು ಗಮನಿಸದೆ ಹೋದದ್ದು. ದೃಷ್ಟಾಂತದ ಆ ಶುಕ್ತಿಯು ಮುತ್ತಿನ ಸಿಂಪಿಯ ಜಾತಿಯದು. ಬೆಳಕಿನ ಅಲೆಗಳಷ್ಟೇ ತೆಳುವಾದ ಸುಣ್ಣದ ಬಿಲ್ಲೆಗಳು ಪದರಪದರವಾಗಿ ಸೇರಿ ಅದರ ಒಳಮೈಗೆ ಆ ಹೊಳಪನ್ನು ಕೊಡುವುವು. ಊಟದ ಸಿಂಪಿಯ ಒಳಮೈಯಲ್ಲಿ ಅಂತಹ ಪದರವಿಲ್ಲ, ಅದರಿಂದ ಬೆಳ್ಳಿಯ ಭ್ರಾಂತಿಗೂ ಅಲ್ಲಿ ಆಸ್ಪದವಿಲ್ಲ.

ಆದರೆ ಬೇರೆ ಭ್ರಾಂತಿಗೆ ಆಸ್ಪದವುಂಟು. ದಡದಲ್ಲಿ ನಡೆಯುವವನಿಗೆ ಚಿಪ್ಪು ಬೆಳ್ಳಿಯಾಗಿಯೇ ಏಕೆ ತೋರಬೇಕು, ಅದರಷ್ಟೇ ಹೊಳೆಯುವ ತವರವಾಗಿ ಏಕೆ ತೋರಬಾರದು? ಬೆಳ್ಳಿಯಲ್ಲಿ ಅವನಿಗೆ ಆಸೆಯಿರುವುದರಿಂದ. ಹೊಳಪು ಚಿಪ್ಪಿನದು, ಬೆಳ್ಳಿ ಆಸೆಯದು. ಹಸಿದು ಚೂರಿ ಹಿಡಿದವನು ಮುಚ್ಚಿದ ಸಿಂಪಿಯನ್ನು ನೋಡುವಾಗ ಅವನಿಗೆ ಅದು ಬರಿಯ ಪದಾರ್ಥವಾಗಿ, ಬೇಯಿಸಬೇಕಾಗಿಯೂ ಇಲ್ಲದ ಸಿದ್ಧಾನ್ನವಾಗಿ ತೋರುವುದು. ಜೀವದ ಮೇಲೆ ಜಡತ್ವವನ್ನು ಹೇರುವ ಈ ಅಧ್ಯಾಸಕ್ಕೆ ಮೂಲವೂ ಆಸೆಯೇ. ಇದಕ್ಕೆ ಪ್ರತಿಯಾಗಿ ಕರುಣಾಳುವಾದವನೊಬ್ಬನು ಅದೇ ಸಿಂಪಿಯನ್ನು ನೋಡಿ, ಅದು ತನ್ನಂತೆಯೇ ಅಂಜಿ ನಡುಗುತ್ತಿದೆಯೆಂದೂ, ಮನೆಯನ್ನು ಮುರಿಸಿಕೊಂಡ ದುಃಖವನ್ನು ಉಣ್ಣುತ್ತಿದೆಯೆಂದೂ ಭಾವಿಸಬಹುದು. ಆಗ ಅವನು ತನ್ನ ಹೃದಯವನ್ನೇ ಅದರ ಮೇಲೆ ಆರೋಪಿಸಿದನು. ಎರಡನೆಯ ಅಧ್ಯಾಸವು ಮೊದಲನೆಯದಕ್ಕಿಂತ ಮೃದುವಾದುದು, ಲೋಕಕ್ಕೆ ಅದರಿಂದ ಆಗುವ ಕೇಡೂ ಕಡಮೆ, ಆದರೂ ಅಧ್ಯಾಸವೇ. ಇವೆರಡನ್ನೂ ಬಾಧಿಸಿ ಉಳಿಯುವ ಯಥಾರ್ಥವಿಷ್ಟೆ: ಇದು ಬದುಕಿದೆ, ಬದುಕಿರಲು ಪ್ರಯತ್ನಿಸುತ್ತಿದೆ, ಆ ಪ್ರಯತ್ನದ ಹಿಂದೆ ಅನುಭವಿಸುವ ಯಾವುದಾದರೂ ಇದೆಯೋ ಇಲ್ಲವೋ ಎಂಬುದು ನನ್ನ ದೃಷ್ಟಿಗೆ ನಿಲುಕದು. ಈ ಮೂರು ಮಾತುಗಳಲ್ಲಿ ಒಂದನ್ನು ಬಿಟ್ಟರೂ ಸತ್ಯವು ಕುಂಟುವುದು.

ನಿಲುಕದ್ದನ್ನು ನಿಲುಕದೆಂದು ಒಪ್ಪಿಕೊಂಡ ಮೇಲೆ ಕರ್ತವ್ಯವೇನು? ಸಂಶಯವು ಎರಡು ಪಕ್ಷಗಳಿಗೂ ಸಮಾನವಾದರೂ ಅದರ ಫಲವು ಸಮಾನವಲ್ಲವೆಂಬುದನ್ನು ಮೊದಲು ಗಮನಿಸಬೇಕು. ನೋವಿಲ್ಲದ ಜೀವಿಯನ್ನು ನೋವುಳ್ಳದ್ದೆಂದು ತಿಳಿದು ಬಿಟ್ಟರೆ ನಮಗಾಗುವ ನಷ್ಟವು ಒಂದು ತುತ್ತಿನ ರುಚಿ. ನೋವುಳ್ಳ ಜೀವಿಯನ್ನು ನೋವಿಲ್ಲದ್ದೆಂದು ತಿಳಿದು ಕೊಯ್ದರೆ ಅದಕ್ಕಾಗುವ ನಷ್ಟಕ್ಕೆ ಪರಿಹಾರವೇ ಇಲ್ಲ. ಆದುದರಿಂದ ಸಂದೇಹದ ಲಾಭವು ಜೀವಿಗೆ ಸಲ್ಲಬೇಕೆಂಬ ನ್ಯಾಯವು ನನಗೆ ಬಲವಾಗಿ ಕಾಣುವುದು. ಆದರೆ ಈ ನ್ಯಾಯದ ತಕ್ಕಡಿಯಲ್ಲಿ ರುಚಿಯ ಜಾಗದಲ್ಲಿ ಹಸಿವನ್ನು ಇಟ್ಟರೆ ತೂಕವು ಬದಲಾಗುವುದು. ಕುಮಟೆಯ ಬಳಿ ಅಘನಾಶಿನಿಯು ಕಡಲನ್ನು ಸೇರುವ ಅಳಿವೆಯಲ್ಲಿ, ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ನಿಂತು ಕಪ್ಪೆಚಿಪ್ಪುಗಳನ್ನು ಆರಿಸಿ ಸಂಸಾರವನ್ನು ಸಾಕುವ ಹೆಣ್ಣುಮಕ್ಕಳ ಮುಂದೆ, ಬೇರೆ ಊಟಕ್ಕೆ ಕೊರತೆಯಿಲ್ಲದವನು ಹಬ್ಬದ ಇರುಳಿನ ವಿಲಾಸವನ್ನು ಕುರಿತ ಈ ವಾದವನ್ನೇ ಹೇಳಹೊರಟರೆ ಅದು ಧರ್ಮವಾಗದು. ಅವಶ್ಯಕತೆಯು ಹೆಚ್ಚಿದಂತೆ ಸಂಶಯದ ಹೊರೆಯು ಹಗುರವಾಗುವುದು, ಅವಶ್ಯಕತೆಯು ತಗ್ಗಿದಂತೆ ಭಾರವಾಗುವುದು.

ಸಿಂಪಿಯ ಪಕ್ಷದಲ್ಲಿ ನಿಂತು ಮಾತನಾಡುವ ಸಸ್ಯಾಹಾರಿಯು ಇನ್ನೂ ಎರಡು ಸಂಗತಿಗಳನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಸಿಂಪಿಯ ಬೇಸಾಯವು ಮೇವನ್ನು ಬೇಡುವುದಿಲ್ಲ, ಗೊಬ್ಬರವನ್ನು ಬೇಡುವುದಿಲ್ಲ. ಬೆಳೆಯುತ್ತಿರುವಷ್ಟು ಕಾಲವೂ ಅದು ಗಂಟೆಗೆ ಹಲವು ಲೀಟರು ನೀರನ್ನು ತನ್ನ ಕಿವಿರುಗಳ ಮೂಲಕ ಹಾಯಿಸಿ ಸೋಸುತ್ತ ಕೊಲ್ಲಿಯನ್ನು ತಿಳಿಗೊಳಿಸುವುದು. ನಮ್ಮ ಅನ್ನವು ಬರುವ ಗದ್ದೆಯಲ್ಲಾದರೋ ನೇಗಿಲಿನ ಬಾಯಿಗೂ ಕೀಟನಾಶಕದ ಧಾರೆಗೂ ಸಿಕ್ಕಿ ಅಳಿಯುವ ಹುಳುಹುಪ್ಪಟೆ ಇಲಿ ಕಪ್ಪೆಗಳನ್ನು ಎಣಿಸಿದವರಾರು? ಎರಡನೆಯದು, ನಮ್ಮ ಕರಾವಳಿಯಲ್ಲಿ ಕಪ್ಪೆಚಿಪ್ಪುಗಳನ್ನು ಗೂಡಿನಲ್ಲಿ ಸುಟ್ಟು ಮಾಡಿದ ಸುಣ್ಣವನ್ನು ವೀಳ್ಯದೆಲೆಗೆ ಹಚ್ಚಿ ಮೆಲ್ಲುವ ವಾಡಿಕೆಯು ಮಾಂಸವನ್ನು ಮುಟ್ಟದವರಲ್ಲಿಯೂ ತಲೆತಲಾಂತರದಿಂದ ನಡೆದುಬಂದಿದೆ. ಹಿಂಸೆಯಿಂದ ಪೂರ್ತಿಯಾಗಿ ತೊಳೆದುಹೋದ ಕೈ ಯಾರಿಗೂ ಇಲ್ಲ. ಜೈನಶಾಸ್ತ್ರವೂ ಇದನ್ನು ಬಲ್ಲುದರಿಂದಲೇ ಬೇಸಾಯದಂತಹ ಉದ್ಯೋಗದಲ್ಲಿ ಅನಿವಾರ್ಯವಾಗಿ ಆಗುವ ಹಿಂಸೆಯನ್ನೂ ಸಂಕಲ್ಪಿಸಿ ಮಾಡುವ ಹಿಂಸೆಯನ್ನೂ ಬೇರೆ ಬೇರೆ ಇಟ್ಟಿತು. ಗದ್ದೆಯ ಕಪ್ಪೆಯನ್ನು ರೈತನು ಉದ್ದೇಶಪೂರ್ವಕವಾಗಿ ಕೊಲ್ಲುವುದಿಲ್ಲ. ಸಿಂಪಿಯನ್ನು ತೆರೆಯುವವನಿಗೆ ಆ ಸಮಾಧಾನವಿಲ್ಲ.

ಮತ್ತು ಆ ಸಮಾಧಾನವಿಲ್ಲದಿರುವುದೇ ಮನೆಯಲ್ಲಿ ಸಿಂಪಿಯನ್ನು ತೆರೆಯುವ ಕಾರ್ಯದ ಘನತೆಯೆಂದು ನನ್ನ ಭಾವನೆ. ಮನುಸ್ಮೃತಿಯು ಪ್ರಾಣಿವಧೆಯ ಹೊಣೆಯನ್ನು ಹಂಚುವಾಗ ಕೊಂದವನೊಬ್ಬನಲ್ಲಿಯೇ ನಿಲ್ಲುವುದಿಲ್ಲ. ಅನುಮತಿ ಕೊಟ್ಟವನು, ಕಡಿದವನು, ಕೊಂಡವನು, ಮಾರಿದವನು, ಬೇಯಿಸಿದವನು, ಬಡಿಸಿದವನು, ತಿಂದವನು ಎಲ್ಲರನ್ನೂ ಘಾತಕರೆಂದೇ ಎಣಿಸುವುದು. ಹೊಣೆಯು ಇಷ್ಟು ಕೈಗಳಲ್ಲಿ ಹರಿದುಹಂಚಿಹೋದಾಗ ಪ್ರತಿಯೊಬ್ಬನಿಗೂ ತನ್ನ ಪಾಲು ಇಲ್ಲವೆನ್ನಿಸುವಷ್ಟು ಸಣ್ಣದಾಗಿ ತೋರುವುದು ಮನುಷ್ಯಸ್ವಭಾವ. ಇಂದಿನ ಮಾಂಸವ್ಯಾಪಾರವು ಈ ಸ್ವಭಾವದ ಮೇಲೆಯೇ ನಿಂತಿದೆ: ಕೊಲ್ಲುವ ಮನೆಯು ಊರಾಚೆಗಿದೆ, ಕೊಲ್ಲುವವನು ಉಣ್ಣುವವನಿಗೆ ಅಪರಿಚಿತ, ಅಂಗಡಿಯಲ್ಲಿ ಸಿಗುವ ಪೊಟ್ಟಣಕ್ಕೆ ಪ್ರಾಣಿಯ ರೂಪವೇ ಇಲ್ಲ. ಸಿಂಪಿಯ ಮುಂದೆ ಚೂರಿ ಹಿಡಿದು ನಿಂತ ಗೃಹಸ್ಥನಾದರೋ ಕೊಂಡವನೂ ತಾನೆ, ಕೊಯ್ದವನೂ ತಾನೆ, ಬಡಿಸಿದವನೂ ತಾನೆ, ತಿಂದವನೂ ತಾನೆ. ಅದು ಬದುಕಿದೆಯೆಂಬುದನ್ನು ತಟ್ಟಿ ನೋಡಿ ತಿಳಿದೇ ಮುಂದುವರಿದವನು ಅವನು. ಅರಿತು ಮಾಡಿದ ಹಿಂಸೆಯು ಅರಿಯದೆ ಮಾಡಿದುದಕ್ಕಿಂತ ಗುರುತರವಲ್ಲವೆ ಎಂದು ಕೇಳಬಹುದು. ನಿಜವಾಗಿ ಅರಿಯದವನ ವಿಷಯದಲ್ಲಿ ಆ ಮಾತು ಸರಿ. ಆದರೆ ಪೊಟ್ಟಣವನ್ನು ಕೊಳ್ಳುವವನು ಅರಿಯದವನಲ್ಲ, ಅರಿಯಲೊಲ್ಲದವನು. ಹಿಂಸೆಯ ಪಾಲಿನಲ್ಲಿ ಇಬ್ಬರೂ ಸಮಾನರು; ಸತ್ಯದ ಪಾಲು ಚೂರಿ ಹಿಡಿದವನಿಗೆ ಮಾತ್ರ ದಕ್ಕಿದೆ. ತನ್ನ ಕೈಯಲ್ಲಿ ನಡೆದುದನ್ನು ಕಂಡವನಿಗೆ ಎಂದಾದರೊಂದು ದಿನ ಸಾಕೆನ್ನಿಸುವ ಸಾಧ್ಯತೆಯಾದರೂ ಉಂಟು. ಕಾಣದವನಿಗೆ ಆ ದಾರಿಯೇ ಮುಚ್ಚಿದೆ.

ನಾನು ಸಿಂಪಿಯನ್ನು ತಿನ್ನುವವನಲ್ಲ. ಹುಟ್ಟಿದ ಮನೆಯ ಆಚಾರವು ಮೊದಲು ನನ್ನನ್ನು ತಡೆಯಿತು, ಮೇಲೆ ಹೇಳಿದ ಸಂಶಯದ ನ್ಯಾಯವು ಆಮೇಲೆ ಆ ಆಚಾರವನ್ನು ವಿಚಾರವಾಗಿ ಮಾಡಿತು. ಆದರೂ ಕಾಂಕಾಲಿನ ಗೃಹಸ್ಥನನ್ನು ನಿಂದಿಸುವ ಅಧಿಕಾರವು ಅದರಿಂದ ನನಗೆ ಬಂದಿತೆಂದು ಎಣಿಸುವುದಿಲ್ಲ. ಅವನಿಂದ ಕೇಳಬಹುದಾದುದು ಇಷ್ಟು: ಎಷ್ಟು ತಿನ್ನುವನೋ ಅಷ್ಟನ್ನೇ ತೆರೆಯಲಿ, ತೆರೆದುದನ್ನು ಚೆಲ್ಲದಿರಲಿ, ಹೊಸ ಮರಿಗಳು ನೆಲೆಯೂರಲು ಹಳೆಯ ಚಿಪ್ಪುಗಳೇ ಆಶ್ರಯವಾಗುವುದರಿಂದ ಚಿಪ್ಪುಗಳನ್ನು ಕಡಲಿಗೆ ಮರಳಿಸುವ ವ್ಯವಸ್ಥೆ ಎಲ್ಲಿದೆಯೋ ಅಲ್ಲಿಗೆ ಅವನ್ನು ಸೇರಿಸಲಿ, ಎಲ್ಲಕ್ಕಿಂತ ಮುಖ್ಯವಾಗಿ, ತನ್ನ ಕೈಯ ಕೆಳಗೆ ಇರುವುದು ಪದಾರ್ಥವೆಂದು ತನ್ನನ್ನು ನಂಬಿಸಿಕೊಳ್ಳದಿರಲಿ. ನನ್ನಿಂದ ನಾನೇ ಕೇಳಿಕೊಳ್ಳಬೇಕಾದುದು ಇದಕ್ಕಿಂತ ಕಡಮೆಯದಲ್ಲ: ನನ್ನ ಅನ್ನದ ಹಿಂದೆ ಅಳಿದ ಜೀವಗಳು ಕಣ್ಣಿಗೆ ಕಾಣಲಿಲ್ಲವೆಂಬ ಮಾತ್ರಕ್ಕೆ ಇರಲಿಲ್ಲವೆಂದು ತಿಳಿಯಕೂಡದು. ಜೀವದ ಗೆರೆಯನ್ನು ನಿಸ್ಸಂಶಯವಾಗಿ ಎಳೆಯಬಲ್ಲ ಜ್ಞಾನವು ಮನುಷ್ಯನಿಗೆ ಇನ್ನೂ ದೊರೆತಿಲ್ಲ. ದೊರೆಯುವವರೆಗೂ ಆ ಗೆರೆಯನ್ನು ನಮ್ಮ ಅನುಕೂಲಕ್ಕೆ ಬಂದ ಕಡೆಯಲ್ಲಿ ಎಳೆಯದೆ, ನಮ್ಮ ಅವಶ್ಯಕತೆಯು ನಿಜವಾಗಿ ಎಲ್ಲಿ ಮುಗಿಯುವುದೋ ಅಲ್ಲಿ ಎಳೆಯುವುದು ಅಹಿಂಸೆಯ ಸಾಧನೆಯಲ್ಲಿ ಗೃಹಸ್ಥನಾದವನು ಇಡಬಹುದಾದ ಮೊದಲ ಹೆಜ್ಜೆ.